ವಿಂಡ್‌ಶೀಲ್ಡ್‌ಗೆ ಪ್ರತ್ಯೇಕ ವಿಮೆ: ಯಾರಿಗೆ ಬೇಕು, ಯಾರಿಗೆ ಬೇಡ

ಕಾರಿನ ವಿಮೆ ನವೀಕರಿಸುವಾಗ ಕಾಣುವ ಹೆಚ್ಚುವರಿ ರಕ್ಷಣೆಗಳ ಪಟ್ಟಿಯಲ್ಲಿ ವಿಂಡ್‌ಶೀಲ್ಡ್‌ನದು ಬಹಳ ಸಂಕೋಚದ ಸಾಲು. ಎಂಜಿನ್ ರಕ್ಷಣೆಯಂತೆ ಗಾಬರಿ ಹುಟ್ಟಿಸುವುದಿಲ್ಲ, ಹೆಸರು ನೋಡಿದೊಡನೆ ಏನೆಂದು ತಿಳಿಯುತ್ತದೆ, ಸೇರಿಸಿಕೊಂಡರೆ ಒಟ್ಟು ಮೊತ್ತವೂ ಅಷ್ಟೇನೂ ಏರುವುದಿಲ್ಲ. ಹೀಗಾಗಿ ಬಹುತೇಕರು ಅದನ್ನು ಯೋಚಿಸದೆ ಸೇರಿಸುತ್ತಾರೆ, ಇಲ್ಲವೇ ಯೋಚಿಸದೆ ಬಿಡುತ್ತಾರೆ. ಯೋಚಿಸುವ ಕೆಲವರು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನನ್ನ ಗಾಜು ಒಡೆಯುತ್ತದೆಯೋ ಇಲ್ಲವೋ? ಇದಕ್ಕೆ ಉತ್ತರ ಜ್ಯೋತಿಷಿಯ ಬಳಿಯೂ ಇಲ್ಲ. ಗಾಜು ಒಡೆದ ದಿನ ಈಗಿರುವ ಪಾಲಿಸಿಯೇ ಎಷ್ಟು ಕೊಡುತ್ತದೆ, ಹಾಗೆ ಕೊಟ್ಟದ್ದನ್ನು ಮುಂದಿನ ವರ್ಷಗಳ ಪ್ರೀಮಿಯಂನಲ್ಲಿ ಎಷ್ಟು ಮರಳಿ ಕಿತ್ತುಕೊಳ್ಳುತ್ತದೆ ಎಂದು ಕೇಳಿದರೆ ಮಾತ್ರ ಲೆಕ್ಕ ಶುರುವಾಗುತ್ತದೆ. ಈ ಎರಡೂ ಸಂಖ್ಯೆಗಳು ನಿಮ್ಮ ಪಾಲಿಸಿಯ ಕಾಗದದಲ್ಲೇ ಇವೆ.

ಸಂಖ್ಯೆಗಳಿಗೆ ಹೋಗುವ ಮೊದಲು ಗಾಜಿನ ವಿಷಯ ಸ್ವಲ್ಪ ತಿಳಿದಿರಲಿ. ವಿಮೆಯ ಷರತ್ತುಗಳೆಲ್ಲ ಹುಟ್ಟಿದ್ದು ಆ ಗಾಜಿನ ಸ್ವಭಾವದಿಂದ.

ಎರಡು ಹಾಳೆ, ನಡುವೆ ಒಂದು ಪದರ

ವಿಂಡ್‌ಶೀಲ್ಡ್ ಎಂದರೆ ಒಂದೇ ಗಾಜಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ಕಿನ ತೆಳುಪದರವನ್ನಿಟ್ಟು ಶಾಖ, ಒತ್ತಡಗಳಲ್ಲಿ ಬೆಸೆದಿರುತ್ತಾರೆ. ಈ ಉಪಾಯದ ಮೂಲ 1903ರಷ್ಟು ಹಳೆಯದು. ಫ್ರಾನ್ಸಿನ ಎದ್ವಾರ್ ಬೆನೆಡಿಕ್ಟಸ್ ಅವರ ಪ್ರಯೋಗಾಲಯದಲ್ಲಿ ಕೈಜಾರಿ ಬಿದ್ದ ಗಾಜಿನ ಫ್ಲಾಸ್ಕೊಂದು ಬಿರುಕು ಬಿಟ್ಟಿತೇ ಹೊರತು ಚೂರುಚೂರಾಗಿ ಚದುರಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟ್ ಅದನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಕಾರಿನ ಪಕ್ಕದ ಕಿಟಕಿಗಳು ಬಹುಪಾಲು ಬೇರೆ ಜಾತಿಯವು. ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಆ ಗಾಜು ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಅದಕ್ಕೆ ದುರಸ್ತಿ ಎಂಬುದೇ ಇಲ್ಲ, ಬದಲಾವಣೆ ಒಂದೇ ದಾರಿ.

ವಿಂಡ್‌ಶೀಲ್ಡ್‌ಗೆ ಕಲ್ಲು ಬಡಿದಾಗ ಸಾಮಾನ್ಯವಾಗಿ ಪೆಟ್ಟಾಗುವುದು ಹೊರಗಿನ ಹಾಳೆಗೆ ಮಾತ್ರ. ನಡುವಿನ ಪದರವೂ ಒಳಗಿನ ಹಾಳೆಯೂ ಕ್ಷೇಮವಾಗಿರುತ್ತವೆ. ಆದ್ದರಿಂದಲೇ ಈ ಹಾನಿಗೆ ಎರಡು ಅಳತೆಗಳಿವೆ. ಒಂದು, ಅರ್ಧ ಗಂಟೆಯ ಸುಮಾರಿನಲ್ಲಿ ಮುಗಿಯುವ ಅಗ್ಗದ ದುರಸ್ತಿ. ಇನ್ನೊಂದು, ಇಡೀ ಗಾಜನ್ನೇ ತೆಗೆದುಹಾಕುವ ದುಬಾರಿ ಬದಲಾವಣೆ. ಇವೆರಡರ ನಡುವಿನ ಅಂತರ ಎಷ್ಟೆಂದರೆ, ದುರಸ್ತಿಗೆ ನಿಮ್ಮಿಂದ ಏನೂ ಕೇಳದ ವಿಮಾ ಕಂಪನಿಗಳು ಹಲವು. ಬದಲಾವಣೆಯ ಬಿಲ್ಲು ತಪ್ಪಲಿ ಎಂಬುದು ಅವುಗಳ ಲೆಕ್ಕ.

ದುರಸ್ತಿ ನೋಡಲು ಚೆನ್ನಾಗಿರುತ್ತದೆ. ಪೆಟ್ಟು ಬಿದ್ದ ಚುಕ್ಕೆಯೊಳಗಿನ ಗಾಜಿನ ಪುಡಿಯನ್ನು ಕೆಲಸಗಾರ ಸೂಜಿಯಂಥ ಸಲಕರಣೆಯಿಂದ ಕೆದಕಿ ತೆಗೆಯುತ್ತಾನೆ. ಅದರ ಮೇಲೆ ಹೀರುಬಟ್ಟಲಿನ ಕಾಲುಳ್ಳ ಒಂದು ಸಣ್ಣ ಚೌಕಟ್ಟು ಕೂರಿಸಿ, ಒಳಗಿನ ಗಾಳಿಯನ್ನು ಎಳೆದು, ನೀರಿನಷ್ಟು ತೆಳುವಾದ ರಾಳವನ್ನು ಒತ್ತಡದಲ್ಲಿ ಇಳಿಸುತ್ತಾನೆ. ನಕ್ಷತ್ರದ ಕಾಲುಗಳಂತೆ ಚಾಚಿದ ಬೆಳ್ಳಿಗೆರೆಗಳು ರಾಳ ತುಂಬುತ್ತ ಹೋದಂತೆ ಒಂದೊಂದಾಗಿ ಮಸುಕಾಗುತ್ತವೆ. ಬಳಿಕ ನೇರಳಾತೀತ ದೀಪ ಹಿಡಿದು ಗಟ್ಟಿಯಾಗಿಸಿ, ಮೇಲೆ ಉಳಿದದ್ದನ್ನು ಬ್ಲೇಡಿನಿಂದ ಹೆರೆದು ಒರೆಸಿದರೆ ಮುಗಿಯಿತು. ಗುರುತು ಪೂರ್ತಿ ಮಾಯವಾಗುವುದಿಲ್ಲ, ಹತ್ತಿರದಿಂದ ನೋಡಿದರೆ ಮಸುಕಾದ ಚುಕ್ಕೆ ಕಾಣುತ್ತದೆ. ಆದರೆ ಬಿರುಕು ಹರಡುವುದು ನಿಲ್ಲುತ್ತದೆ. ನಾವು ದುಡ್ಡು ಕೊಡುವುದು ಅದಕ್ಕೇ.

ಎಲ್ಲ ಪೆಟ್ಟಿಗೂ ಇದು ನಡೆಯುವುದಿಲ್ಲ. ಚುಕ್ಕೆ ನಾಣ್ಯದ ಗಾತ್ರ ಮೀರಿದ್ದರೆ, ಗಾಜಿನ ಅಂಚಿಗೆ ತೀರ ಹತ್ತಿರವಿದ್ದರೆ, ಒಳಹಾಳೆಯೂ ಸೀಳಿದ್ದರೆ, ಚಾಲಕನ ಕಣ್ಣಿನ ನೇರಕ್ಕೇ ಬಂದಿದ್ದರೆ ಬದಲಾವಣೆಗೆ ಸಿದ್ಧರಾಗಬೇಕು. ಕಣ್ಣಿನ ನೇರವೆಂದರೆ ಎಷ್ಟು ಎಂಬುದಕ್ಕೆ ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ ಒಂದು ಸ್ಪಷ್ಟ ಅಳತೆ ಕೊಡುತ್ತದೆ: ಸ್ಟೀರಿಂಗ್ ಚಕ್ರದ ನೇರಕ್ಕೆ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರ್ ಮೀರಿದ ಹಾನಿ ಇರುವಂತಿಲ್ಲ, ವೈಪರ್ ಒರೆಸುವ ಉಳಿದ ಜಾಗದಲ್ಲಿ 40 ಮಿಲಿಮೀಟರ್‌ವರೆಗೆ ವಿನಾಯಿತಿ. ನೀವು ಎಲ್ಲೇ ಇದ್ದರೂ ಸ್ಕೇಲು ಹಿಡಿದು ನೋಡಿಕೊಳ್ಳಲು ಒಳ್ಳೆಯ ಅಳತೆ.

ಬದಲಾವಣೆ ದುಬಾರಿಯಾದದ್ದು ಹೇಗೆ

ಗಾಜಿನ ವಿಮೆಯ ಬಗ್ಗೆ ನನಗೆ ಮೊದಲಿಂದಲೂ ಇದ್ದ ಉದಾಸೀನ ಸಡಿಲಗೊಂಡದ್ದು ಕ್ಯಾಮೆರಾಗಳಿಂದ. ಹಳೆಯ ಕಾರಿನಲ್ಲಿ ವಿಂಡ್‌ಶೀಲ್ಡ್ ಎಂದರೆ ಬರೀ ಗಾಜು. ಈಗಿನ ಹಲವು ಕಾರುಗಳಲ್ಲಿ ಒಳಗನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡಂತೆ, ಒಂದು ಕ್ಯಾಮೆರಾ ಕೂತಿರುತ್ತದೆ. ಪಥ ಬಿಟ್ಟು ಸರಿದರೆ ಎಚ್ಚರಿಸುವುದು, ಮುಂದಿನ ವಾಹನ ಹತ್ತಿರವಾದರೆ ತಾನೇ ಬ್ರೇಕ್ ಹಾಕುವುದು ಇವೆಲ್ಲ ಅದು ಕಂಡದ್ದನ್ನು ನಂಬಿ ನಡೆಯುವ ಕೆಲಸಗಳು. ಗಾಜು ಬದಲಾದರೆ ಕ್ಯಾಮೆರಾದ ದೃಷ್ಟಿಕೋನ ಕೂದಲೆಳೆಯಷ್ಟಾದರೂ ಬದಲಾಗುತ್ತದೆ. ಅದು ಒಂದೇ ಒಂದು ಡಿಗ್ರಿ ತಿರುಗಿದರೂ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ತಪ್ಪು ತೋರಿಸುತ್ತದೆ. ಅಂದರೆ ಪಕ್ಕದ ಪಥದ ಅಂಚಿನಲ್ಲಿರುವ ವಾಹನ ನಿಮ್ಮ ಪಥದೊಳಗೆ ಬಂದಂತೆ ಕಾಣಬಹುದು. ಆದ್ದರಿಂದ ಗಾಜು ಕೂರಿಸಿದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವ ಕೆಲಸ, ಮಾಡಿಸಬೇಕಾಗುತ್ತದೆ. ಕೆಲವು ಕಾರುಗಳಿಗೆ ಸಮತಟ್ಟಾದ ನೆಲದಲ್ಲಿ ಗುರಿಫಲಕ ನಿಲ್ಲಿಸಿ, ಕೆಲವಕ್ಕೆ ನಿಗದಿತ ವೇಗದಲ್ಲಿ ರಸ್ತೆಯ ಮೇಲೆ ಓಡಿಸಿ, ಕೆಲವಕ್ಕೆ ಎರಡೂ. ಇದಕ್ಕೆ ಬೇರೆಯೇ ಬಿಲ್ಲು.

ಮಳೆ ಗುರುತಿಸುವ ಸೆನ್ಸರ್, ಸದ್ದು ತಗ್ಗಿಸುವ ವಿಶೇಷ ಪದರ, ಬಿಸಿಯಾಗುವ ತಂತಿಗಳು, ವೇಗವನ್ನು ಗಾಜಿನ ಮೇಲೆ ಮೂಡಿಸುವ ಕಾರುಗಳಲ್ಲಿ ಬಿಂಬ ಎರಡಾಗದಂತೆ ಓರೆಯಾಗಿ ಮಾಡಿದ ನಡುಪದರ, ಇವೂ ಬೆಲೆ ಏರಿಸುತ್ತವೆ. ಒಂದೇ ಮಾದರಿಯ ಕಾರಿನಲ್ಲೇ ಕೆಳದರ್ಜೆಯದಕ್ಕೂ ಮೇಲ್ದರ್ಜೆಯದಕ್ಕೂ ಗಾಜಿನ ಬೆಲೆ ಬೇರೆಯಾಗುವುದು ಇದರಿಂದಲೇ. ವಿಮೆಯ ನಿರ್ಧಾರಕ್ಕೆ ಮುಂಚೆ ಮಾಡಬೇಕಾದ ಮೊದಲ ಕೆಲಸವೂ ಇದೇ: ನಿಮ್ಮ ಕಾರಿನ ಅದೇ ದರ್ಜೆಗೆ ಗಾಜು, ಅಂಟು, ಕೂಲಿ, ಕ್ಯಾಲಿಬ್ರೇಷನ್ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಒಮ್ಮೆ, ಹೊರಗಿನ ಗಾಜಿನ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ. ಆ ಒಂದು ಸಂಖ್ಯೆ ಕೈಯಲ್ಲಿಲ್ಲದೆ ವಿಮೆ ಕೊಳ್ಳುವವರು ಬೆಲೆ ತಿಳಿಯದ ವಸ್ತುವಿಗೆ ಕಂತು ಕಟ್ಟುತ್ತಿರುತ್ತಾರೆ.

ನಾಲ್ಕು ದಾರಿಗಳು, ಒಂದು ಲೆಕ್ಕ

ಇನ್ನೊಬ್ಬರಿಗೆ ಆದ ಹಾನಿಯನ್ನಷ್ಟೇ ಭರಿಸುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವವರಿಗೆ ಅವರ ಗಾಜಿನ ಹಾನಿಗೆ ಬಿಡಿಗಾಸೂ ಬರುವುದಿಲ್ಲ. ಗಾಜಿನ ಆಡ್‌-ಆನ್, ಅಂದರೆ ಹೆಚ್ಚುವರಿ ರಕ್ಷಣೆ, ಸಾಮಾನ್ಯವಾಗಿ ಸ್ವಂತ ವಾಹನದ ಹಾನಿಯನ್ನೂ ಭರಿಸುವ ಸಮಗ್ರ ವಿಮೆಯ ಬೆನ್ನೇರಿ ಬರುವಂಥದ್ದು, ಒಂಟಿಯಾಗಿ ಸಿಗುವುದು ಅಪರೂಪ. ಸಮಗ್ರ ವಿಮೆ ಇರುವವರ ಮುಂದೆ ನಾಲ್ಕು ದಾರಿಗಳಿವೆ. ಕೈಯಿಂದಲೇ ಖರ್ಚು ಮಾಡುವುದು. ಸಮಗ್ರ ವಿಮೆಯಲ್ಲೇ ಕ್ಲೇಮು ಮಾಡಿ, ಡಿಡಕ್ಟಿಬಲ್ ಅಂದರೆ ನಮ್ಮ ಪಾಲಿನ ಕಡ್ಡಾಯ ಮೊತ್ತವನ್ನು ಭರಿಸುವುದು. ಗಾಜಿನ ಆಡ್‌-ಆನ್ ಕೊಳ್ಳುವುದು. ಕಾರು ಮಾರುವವರೋ ಬೇರೆ ಕಂಪನಿಗಳೋ ಕೊಡುವ ಗಾಜಿನ ‘ಪ್ರೊಟೆಕ್ಷನ್ ಪ್ಲಾನ್’ಗೆ ಸೇರುವುದು.

ಹಣದ ಹೆಸರು ಎಲ್ಲೆಡೆ ಬೇರೆಯಾದ್ದರಿಂದ ಗಾಜು ಬದಲಿಸುವ ಪೂರ್ಣ ವೆಚ್ಚವನ್ನು 100 ಎಂದಿಟ್ಟುಕೊಳ್ಳೋಣ. ಆಡ್‌-ಆನ್‌ನ ವಾರ್ಷಿಕ ಪ್ರೀಮಿಯಂ 8 ಇರಲಿ. ಇವು ಉದಾಹರಣೆಯ ಅಂಕಿಗಳು; ನಿಮ್ಮವನ್ನು ಹಾಕಿ ನೋಡಿದರೆ ಚಿತ್ರ ಬದಲಾಗುತ್ತದೆ, ಬದಲಾಗಲೇಬೇಕು.

ಡಿಡಕ್ಟಿಬಲ್ 40 ಇದ್ದರೆ ಗಾಜು ಒಡೆದಾಗ ಮೂಲ ಪಾಲಿಸಿ 60 ಕೊಡುತ್ತದೆ, ನೀವು 40 ಹಾಕುತ್ತೀರಿ. ಆಡ್‌-ಆನ್ ಉಳಿಸುವುದು ಆ 40 ಮಾತ್ರ. ವರ್ಷಕ್ಕೆ 8ರಂತೆ ಐದು ವರ್ಷ ಕಟ್ಟಿದರೆ ಅಷ್ಟೇ ಆಯಿತು. ಐದು ವರ್ಷಕ್ಕೊಮ್ಮೆ ಗಾಜು ಒಡೆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ವಿರಳವಾಗಿ ಒಡೆದರೆ ಕಂಪನಿಗೆ ಲಾಭ. ಡಿಡಕ್ಟಿಬಲ್ ಬರೀ 5 ಇದ್ದರೆ? ಆಡ್‌-ಆನ್ 5 ಉಳಿಸಲು 8 ಕೇಳುತ್ತದೆ. ಪ್ರತಿವರ್ಷ ತಪ್ಪದೆ ಗಾಜು ಒಡೆದುಕೊಂಡರೂ ನಷ್ಟವೇ! ಇನ್ನು, ಪ್ರೀಮಿಯಂ ತಗ್ಗಿಸಿಕೊಳ್ಳಲು ಕೆಲವರು ಸ್ವಇಚ್ಛೆಯಿಂದ ಡಿಡಕ್ಟಿಬಲ್ ಏರಿಸಿಕೊಂಡಿರುತ್ತಾರೆ. ಅದು 120 ಆಗಿದ್ದರೆ ಗಾಜಿನ ಮಟ್ಟಿಗೆ ಮೂಲ ಪಾಲಿಸಿ ಇದ್ದೂ ಇಲ್ಲದಂತೆ. ಅಂಥವರಿಗೆ ಆಡ್‌-ಆನ್ ಉಳಿಸುವುದು ಪೂರ್ತಿ 100. ಹನ್ನೆರಡೂವರೆ ವರ್ಷಕ್ಕೊಮ್ಮೆ ಒಡೆದರೂ ಸರಿಹೋಯಿತು.

ಅಂದರೆ ಸೂತ್ರ ಬಹಳ ಸರಳ: ಆಡ್‌-ಆನ್ ನಿಮಗೆ ನಿಜವಾಗಿ ಉಳಿಸುವ ಮೊತ್ತವನ್ನು ಅದರ ವಾರ್ಷಿಕ ಪ್ರೀಮಿಯಂನಿಂದ ಭಾಗಿಸಿ. ಬಂದ ಸಂಖ್ಯೆ ಎಷ್ಟು ವರ್ಷವೋ ಅಷ್ಟರಲ್ಲಿ ಒಮ್ಮೆ ಗಾಜು ಹೋಗುವ ಸಂಭವ ನಿಮ್ಮ ಓಡಾಟಕ್ಕೆ ಇದೆಯೇ ಎಂದು ನೋಡಿ. ನಮ್ಮ ಗಾಜು ಒಡೆಯುವ ಸಂಭವವನ್ನು ಕರಾರುವಾಕ್ಕಾಗಿ ಹೇಳಲಾಗದಿದ್ದರೂ, ಮೂರು ವರ್ಷಕ್ಕೊಮ್ಮೆಯೋ ಹದಿನೈದು ವರ್ಷಕ್ಕೊಮ್ಮೆಯೋ ಎಂದು ಅಂದಾಜಿಸುವುದು ಕಷ್ಟವಲ್ಲ.

ಕಣ್ಣಿಗೆ ಬೀಳದ ಖರ್ಚು

ಮೇಲಿನ ಲೆಕ್ಕದಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೆ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್. ವಿಂಡ್‌ಶೀಲ್ಡ್ ವಿಮೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಇದಕ್ಕೆ ಅರ್ಧ ಸಾಲು ಸಿಕ್ಕರೆ ಹೆಚ್ಚು. ನನ್ನ ಪ್ರಕಾರ ನಿರ್ಧಾರದ ಮುಕ್ಕಾಲು ಪಾಲು ನಿಂತಿರುವುದೇ ಇದರ ಮೇಲೆ.

ಭಾರತದ ಉದಾಹರಣೆ ಈ ಲೆಕ್ಕಕ್ಕೆ ಅನುಕೂಲ, ಅಲ್ಲಿ ರಿಯಾಯಿತಿಯ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಕ್ಲೇಮಿಲ್ಲದ ಮೊದಲ ವರ್ಷದ ನಂತರ ಶೇ 20, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮು ಮಾಡಿದರೆ ಮತ್ತೆ ಸೊನ್ನೆಯಿಂದ ಹತ್ತಬೇಕು. ಈ ರಿಯಾಯಿತಿ ಸ್ವಂತ ವಾಹನದ ಹಾನಿಯ ಪ್ರೀಮಿಯಂಗೆ ಅನ್ವಯಿಸುತ್ತದೆ, ಥರ್ಡ್ ಪಾರ್ಟಿಯ ಭಾಗಕ್ಕಲ್ಲ. ರಿಯಾಯಿತಿಗೆ ಮುಂಚಿನ ಆ ಪ್ರೀಮಿಯಂ ನಮ್ಮ ಅಳತೆಯಲ್ಲಿ 150 ಇದೆ, ಚಾಲಕರು ಈಗಾಗಲೇ ಶೇ 50ರ ಮೆಟ್ಟಿಲಲ್ಲಿದ್ದಾರೆ ಎಂದುಕೊಳ್ಳಿ. ಗಾಜಿಗೆಂದು ಸಾಮಾನ್ಯ ಕ್ಲೇಮು ಮಾಡಿದರೆ ಮುಂದಿನ ವರ್ಷ ರಿಯಾಯಿತಿ ಸೊನ್ನೆ, ಹೆಚ್ಚುವರಿ ಖರ್ಚು 75. ಅದರ ಮುಂದಿನ ವರ್ಷ 50ರ ಬದಲು 20 ಸಿಗುತ್ತದೆ, ಹೆಚ್ಚುವರಿ 45. ಆಮೇಲೆ 37.5, 22.5, 7.5. ಐದು ವರ್ಷಗಳಲ್ಲಿ ಒಟ್ಟು 187.5. ವಾಹನದ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಕೊಂಚ ಕಡಿಮೆ ಇರುತ್ತದೆ. ಹಾಗಿದ್ದರೂ, ಡಿಡಕ್ಟಿಬಲ್ ಬರೀ 5 ಇದ್ದಾಗಲೂ, 100ರ ಗಾಜಿಗೆ 95 ಪಡೆಯಲು ಅದರ ಹತ್ತಿರಹತ್ತಿರ ಎರಡರಷ್ಟು ಕಳೆದುಕೊಳ್ಳುವ ವ್ಯವಹಾರ ಅದು.

ಶೇ 50ರ ಮೆಟ್ಟಿಲಲ್ಲಿರುವವರಿಗೆ ಡಿಡಕ್ಟಿಬಲ್ ಎಷ್ಟೇ ಕಡಿಮೆಯಿರಲಿ, ಮೂಲ ಪಾಲಿಸಿಯಲ್ಲಿ ಗಾಜಿನ ಕ್ಲೇಮು ಮಾಡುವುದು ದಡ್ಡತನ. ಅವರ ಮುಂದಿರುವ ನಿಜವಾದ ಆಯ್ಕೆಗಳು ಎರಡೇ: ಕೈಯಿಂದ 100 ಕೊಡುವುದು, ಅಥವಾ ರಿಯಾಯಿತಿಯನ್ನು ಮುಟ್ಟದ ಗಾಜಿನ ಆಡ್‌-ಆನ್. ಈಗ ಆಡ್‌-ಆನ್ ಉಳಿಸುವುದು 5 ಅಲ್ಲ, ಹೆಚ್ಚುಕಡಿಮೆ ಪೂರ್ತಿ 100. ಹಿಂದಿನ ಲೆಕ್ಕದಲ್ಲಿ ನಷ್ಟದ ಬಾಬತ್ತು ಎನಿಸಿದ್ದೇ ಇಲ್ಲಿ ಒಳ್ಳೆಯ ವ್ಯಾಪಾರವಾಗುತ್ತದೆ. ಅದೇ, ಸೊನ್ನೆ ರಿಯಾಯಿತಿಯಲ್ಲಿ ಇರುವವರು ಕ್ಲೇಮು ಮಾಡಿದರೆ ಕಳೆದುಕೊಳ್ಳುವುದು ಪ್ರತಿವರ್ಷ ಒಂದೊಂದು ಮೆಟ್ಟಿಲಷ್ಟೇ: 30, 7.5, 15, 15, 7.5, ಒಟ್ಟು 75. ಅವರು ಮೂಲ ಪಾಲಿಸಿಯಲ್ಲೇ ಕ್ಲೇಮು ಮಾಡಿ 95 ಪಡೆದರೂ ಸ್ವಲ್ಪ ಲಾಭವೇ.

ಹಾಗಾಗಿ ಆಡ್‌-ಆನ್ ಕೊಳ್ಳುವ ಮುನ್ನ ಕಂಪನಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದರಡಿ ಗಾಜಿನ ಕ್ಲೇಮು ಮಾಡಿದರೆ ರಿಯಾಯಿತಿ ಉಳಿಯುತ್ತದೆಯೇ? ಬಾಯಿಮಾತಿನ ಉತ್ತರ ಸಾಲದು, ಪಾಲಿಸಿಯ ಷರತ್ತಿನಲ್ಲಿ ಆ ವಾಕ್ಯವನ್ನು ತೋರಿಸಲು ಹೇಳಿ. ತೋರಿಸಲಾಗದಿದ್ದರೆ ಆ ಆಡ್‌-ಆನ್ ಬೇಡ. ರಿಯಾಯಿತಿಯನ್ನೇ ಕಾಪಾಡುವ ಪ್ರತ್ಯೇಕ ಆಡ್‌-ಆನ್ ನಿಮ್ಮಲ್ಲಿ ಈಗಾಗಲೇ ಇದ್ದರೆ ಗಾಜಿನದರ ಅಗತ್ಯ ಬಹುಪಾಲು ಇಲ್ಲವಾಗುತ್ತದೆ. ಆದರೆ ವರ್ಷಕ್ಕೆ ಎಷ್ಟು ಕ್ಲೇಮಿನವರೆಗೆ ಅದು ಕಾಪಾಡುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಇದ್ದ ಒಂದು ಅವಕಾಶವನ್ನು ಗಾಜಿಗೆ ಖರ್ಚು ಮಾಡಿ, ಎರಡು ತಿಂಗಳ ನಂತರ ಬಂಪರ್ ನುಜ್ಜುಗುಜ್ಜಾದರೆ ಪರಿತಪಿಸಬೇಕಾಗುತ್ತದೆ.

ಊರಿಗೊಂದು ನಿಯಮ

ಕೆಲವು ಕಡೆ ಈ ತಲೆನೋವೇ ಇಲ್ಲ. ಅಮೆರಿಕದ ಫ್ಲೋರಿಡಾ, ಕೆಂಟಕಿ, ಸೌತ್ ಕ್ಯಾರೊಲಿನಾ ರಾಜ್ಯಗಳಲ್ಲಿ ಸಮಗ್ರ ವಿಮೆ ಇದ್ದವರ ವಿಂಡ್‌ಶೀಲ್ಡ್‌ಗೆ ಡಿಡಕ್ಟಿಬಲ್ ವಿಧಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಅಲ್ಲಿ ಬೇರೆಯಾಗಿ ಗಾಜಿನ ವಿಮೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಪುಕ್ಕಟೆ ಗಾಜಿನ ಆಸೆ ತೋರಿಸಿ, ಉಡುಗೊರೆ ಕೊಟ್ಟು ಗಿರಾಕಿಗಳಿಂದ ಕ್ಲೇಮು ಮಾಡಿಸುವ ಅಂಗಡಿಗಳು ಹೆಚ್ಚಾಗಿ, ಅಂಥ ಆಮಿಷಗಳನ್ನು 2023ರಲ್ಲಿ ಫ್ಲೋರಿಡಾ ನಿಷೇಧಿಸಬೇಕಾಯಿತು. ಜರ್ಮನಿಯಲ್ಲಿ ಟೈಲ್‌ಕಾಸ್ಕೊ ಎಂಬ ಭಾಗಶಃ ವಿಮೆಯೊಳಗೇ ಗಾಜಿನ ಹಾನಿ ಬರುತ್ತದೆ. ಅದರಲ್ಲಿ ಕ್ಲೇಮು ಮಾಡಿದರೆ ಅಪಘಾತವಿಲ್ಲದ ವರ್ಷಗಳ ರಿಯಾಯಿತಿಗೆ ಧಕ್ಕೆಯಾಗುವುದಿಲ್ಲ. ಭಾರತದ ಪಾಲಿಸಿಗಳಲ್ಲಿ ಗಾಜಿನ ಭಾಗಗಳಿಗೆ ಸವಕಳಿ, ಅಂದರೆ ಹಳತಾದುದಕ್ಕೆ ಇಳಿಸುವ ಬೆಲೆ, ಕಳೆಯುವುದಿಲ್ಲ, ಆದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧದಷ್ಟು ಕಳೆಯುತ್ತಾರೆ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯ ಬಿಲ್ಲು ಕಂಡು ಹಲವರು ಹುಬ್ಬೇರಿಸುವುದು ಇದಕ್ಕೇ. ಸವಕಳಿರಹಿತ ಆಡ್‌-ಆನ್ ತೆಗೆದುಕೊಂಡರೆ ಗಾಜಿಗೂ ಲಾಭ ಎಂದು ಹೇಳಿ ಮಾರುವವರ ಮಾತನ್ನು ಇದೇ ಕಾರಣಕ್ಕೆ ಅರ್ಧಕ್ಕಷ್ಟೇ ನಂಬಬೇಕು.

ನಿಮ್ಮ ದಾರಿ, ನಿಮ್ಮ ಕಾರು

ಒಡೆಯುವ ಸಂಭವವನ್ನು ಅಂದಾಜಿಸಲು ಕಾರಿಗಿಂತ ರಸ್ತೆಯನ್ನು ನೋಡಬೇಕು. ಜಲ್ಲಿ ಸಾಗಿಸುವ ಟಿಪ್ಪರ್‌ಗಳ ಹಿಂದೆ ಹೆದ್ದಾರಿಯಲ್ಲಿ ದಿನವೂ ಓಡಾಡುವವರಿಗೂ, ನಗರದೊಳಗೆ ಮನೆ-ಕಚೇರಿ ಮಾಡುವವರಿಗೂ ಅಜಗಜಾಂತರ. ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 70 ಕಿಲೋಮೀಟರ್ ವೇಗದಲ್ಲಿ ಬಡಿಯುವ ಕಲ್ಲೇ 100ರಲ್ಲಿ ಬಡಿದರೆ ಶಕ್ತಿ ಎರಡರಷ್ಟು. ಜೀಪಿನಂತೆ ನೆಟ್ಟಗೆ ನಿಂತ ಗಾಜಿಗೆ ಪೆಟ್ಟು ನೇರವಾಗಿ ಬೀಳುತ್ತದೆ, ಹಿಂದಕ್ಕೆ ವಾಲಿದ ಗಾಜಿನಿಂದ ಕಲ್ಲು ಜಾರಿಹೋಗುವ ಸಾಧ್ಯತೆ ಹೆಚ್ಚು. ಆಲಿಕಲ್ಲು ಬೀಳುವ ಪ್ರದೇಶ, ಹಗಲಿನ ಸುಡುಬಿಸಿಲಿಗೂ ರಾತ್ರಿಯ ಚಳಿಗೂ ಬಹಳ ಅಂತರವಿರುವ ಪ್ರದೇಶ ಇವೂ ಲೆಕ್ಕಕ್ಕೆ ಬರುತ್ತವೆ. ಚಿಕ್ಕ ಚುಕ್ಕೆಯನ್ನು ಉದ್ದ ಬಿರುಕಾಗಿಸುವುದು ಹೆಚ್ಚಾಗಿ ತಾಪಮಾನದ ಏರಿಳಿತ. ಬಿಸಿಲಲ್ಲಿ ಕಾದ ಗಾಜಿಗೆ ಒಳಗಿನಿಂದ ಎಸಿಯ ತಂಪನ್ನು ಪೂರ್ಣವೇಗದಲ್ಲಿ ಬಿಟ್ಟರೆ ಸಾಕು.

ಕ್ಯಾಮೆರಾ ಇಲ್ಲದ, ಹತ್ತು ವರ್ಷ ದಾಟಿದ, ಎಲ್ಲ ಅಂಗಡಿಗಳಲ್ಲೂ ಗಾಜು ಸಿಗುವ ಕಾರಿಗೆ ಪ್ರತ್ಯೇಕ ವಿಮೆ ಬೇಡವೆಂದೇ ನನ್ನ ಅಭಿಪ್ರಾಯ. ಪ್ರೀಮಿಯಂನಷ್ಟು ಹಣವನ್ನು ವರ್ಷವರ್ಷ ಪಕ್ಕಕ್ಕಿಟ್ಟರೆ ಸಾಕು. ಎರಡನೇ ವರ್ಷವೇ ಗಾಜು ಒಡೆದರೆ ಕೂಡಿಟ್ಟದ್ದು ಸಾಲುವುದಿಲ್ಲ ಎಂಬ ಆಕ್ಷೇಪ ನಿಜ. ಆದರೆ ಆ ಕೊರತೆಯನ್ನು ಸಾಲ ಮಾಡದೆ ತುಂಬಿಕೊಳ್ಳಬಲ್ಲಿರಾದರೆ ವಿಮೆ ಬೇಕಾಗಿಲ್ಲ. ಭರಿಸಲಾಗದ ನಷ್ಟಕ್ಕೆ ವಿಮೆ. ಗಾಜು ಒಡೆದು ದಿವಾಳಿಯಾದವರನ್ನು ನಾನು ಕಂಡಿಲ್ಲ. ಕೈಯಲ್ಲಿ ಹೆಚ್ಚುವರಿ ರಕ್ಷಣೆಗೆ ಇಷ್ಟೇ ಹಣ ಎಂದಿದ್ದರೆ, ಇನ್ನೊಬ್ಬರಿಗೆ ಆಗಬಹುದಾದ ಹಾನಿಯ ಹೊಣೆಗೂ ಚಾಲಕರ ವೈಯಕ್ತಿಕ ಅಪಘಾತ ರಕ್ಷಣೆಗೂ ಮೊದಲ ಪಂಕ್ತಿ, ಗಾಜಿಗೆ ಕೊನೆಯದು.

ಕ್ಯಾಮೆರಾ ಇರುವ ಹೊಸ ಕಾರು, ಹೆದ್ದಾರಿಯ ಓಡಾಟ, ಮೇಲಿನ ಮೆಟ್ಟಿಲಿನ ರಿಯಾಯಿತಿ, ಈ ಮೂರರಲ್ಲಿ ಎರಡಾದರೂ ಇದ್ದರೆ ಆಡ್‌-ಆನ್ ಕೊಳ್ಳಿ. ಒಂದೇ ಇದ್ದರೆ ಸೂತ್ರ ಹಾಕಿ ನೋಡಿ. ಗಾಜಿನ ರಕ್ಷಣೆಗೆ ಇನ್ನೊಂದು ಉಪಕಾರವೂ ಇದೆ, ಅದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ದುರಸ್ತಿಗೆ ಕೈಯಿಂದ ಏನೂ ಖರ್ಚಿಲ್ಲ ಎಂದು ಗೊತ್ತಿದ್ದವರು ಚುಕ್ಕೆ ಬಿದ್ದ ವಾರವೇ ಸರಿಮಾಡಿಸುತ್ತಾರೆ. ಉಳಿದವರು ‘ನೋಡೋಣ’ ಎನ್ನುತ್ತಾರೆ, ಅಷ್ಟರಲ್ಲಿ ಧೂಳೂ ನೀರೂ ಒಳಹೊಕ್ಕು ರಾಳ ಸರಿಯಾಗಿ ಹಿಡಿಯದಂತಾಗುತ್ತದೆ. ವಿಮೆ ಇರಲಿ ಬಿಡಲಿ, ಚುಕ್ಕೆ ಬಿದ್ದ ಕೂಡಲೇ ಅದರ ಮೇಲೊಂದು ಪಾರದರ್ಶಕ ಟೇಪು ಅಂಟಿಸಿ. ಗಾಜಿಗೆ ಸಂಬಂಧಿಸಿದಂತೆ ಇಷ್ಟು ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಸಣ್ಣ ಅಕ್ಷರಗಳಲ್ಲಿ ಏನಿದೆ

ಆಡ್‌-ಆನ್ ಬೇಕೆಂದು ತೀರ್ಮಾನಿಸಿದ ಮೇಲೆ ಕಂಪನಿಗಳನ್ನು ಹೋಲಿಸಲು ಪ್ರೀಮಿಯಂ ಒಂದನ್ನೇ ನೋಡಬೇಡಿ. ಕ್ಯಾಲಿಬ್ರೇಷನ್‌ನ ಖರ್ಚು ಸೇರಿದೆಯೇ ಎಂಬುದು ಮೊದಲ ಪ್ರಶ್ನೆ. ಸೇರಿಲ್ಲದಿದ್ದರೆ ಕ್ಯಾಮೆರಾ ಇರುವ ಕಾರಿಗೆ ಆ ರಕ್ಷಣೆ ಅರೆಬರೆ. ಹಾಕುವ ಗಾಜು ಕಾರಿನ ಕಂಪನಿಯದೋ ಹೊರಗಿನ ತಯಾರಕರದೋ? ಹೊರಗಿನದೆಲ್ಲ ಕಳಪೆ ಎಂದೇನಲ್ಲ, ಮಾನ್ಯತೆಯ ಮುದ್ರೆ ಇರುವ ಒಳ್ಳೆಯ ಗಾಜುಗಳಿವೆ. ಆದರೆ ಕ್ಯಾಮೆರಾದ ಮುಂದಿನ ಭಾಗದಲ್ಲಿ ಗಾಜು ಚೂರೂ ಅಲೆಯಾಗಿರಬಾರದು. ಅಂಥ ಕಾರಿಗೆ ಮೂಲ ಗಾಜನ್ನೇ ಒತ್ತಾಯಿಸುವುದು ಮೇಲು, ವ್ಯತ್ಯಾಸದ ಹಣ ಯಾರು ಕೊಡಬೇಕೆಂದು ಮೊದಲೇ ತಿಳಿದಿರಲಿ. ‘ಗಾಜು’ ಎಂದರೆ ಮುಂದಿನದು ಮಾತ್ರವೋ, ಹಿಂದಿನದು, ಪಕ್ಕದ್ದು, ಸನ್‌ರೂಫ್ ಎಲ್ಲ ಸೇರಿದೆಯೋ? ವರ್ಷಕ್ಕೆ ಎಷ್ಟು ಸಲ? ಅವರು ಹೇಳಿದ ಗ್ಯಾರೇಜಿನಲ್ಲೇ ಮಾಡಿಸಬೇಕೇ? ವೈಪರ್ ಉಜ್ಜಿ ಬಿದ್ದ ಗೀರುಗಳು ಸವೆತದ ಲೆಕ್ಕಕ್ಕೆ ಹೋಗುತ್ತವೆ, ಅದಕ್ಕೆ ಎಲ್ಲೂ ಹಣ ಸಿಗದು.

ಕೂರಿಸುವ ಕೆಲಸದ ಗುಣಮಟ್ಟವೂ ಮುಖ್ಯ. ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ ವಿಂಡ್‌ಶೀಲ್ಡ್‌ಗೆ ಪಾಲಿದೆ. ಹಲವು ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಅರಳುವಾಗ ಗಾಜಿಗೇ ಆತುಕೊಂಡು ಪ್ರಯಾಣಿಕರ ಕಡೆ ತಿರುಗುತ್ತದೆ. ಆದ್ದರಿಂದ ಗಾಜನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಒಣಗುವವರೆಗೆ ಕಾರನ್ನು ಓಡಿಸಬಾರದು. ಅದು ಅಂಟನ್ನೂ ಹವೆಯನ್ನೂ ಅವಲಂಬಿಸಿ ಒಂದು ಗಂಟೆಯಿಂದ ಹಲವು ಗಂಟೆಗಳಾಗಬಹುದು. ‘ಹತ್ತೇ ನಿಮಿಷ, ತಗೊಂಡು ಹೋಗಿ’ ಎನ್ನುವ ಅಂಗಡಿಯನ್ನು, ಅದು ಕಂಪನಿಯ ಪಟ್ಟಿಯಲ್ಲಿದ್ದರೂ, ಬಿಟ್ಟುಬಿಡಿ.

ಕಾರು ಮಾರುವವರು ಕೊಡುವ ಪ್ರೊಟೆಕ್ಷನ್ ಪ್ಲಾನ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವು ಪ್ಲಾನ್‌ಗಳು ದುರಸ್ತಿಯನ್ನಷ್ಟೇ ಭರಿಸುತ್ತವೆ, ಉದ್ದ ಬಿರುಕು ಬಂದರೆ ಕೈಯೆತ್ತುತ್ತವೆ. ಕಾರಿನ ಸಾಲದೊಳಗೇ ಅದರ ಬೆಲೆಯನ್ನೂ ಸೇರಿಸಿ ಬಡ್ಡಿ ಹಾಕಿದರೆ ಇನ್ನೂ ದುಬಾರಿ. ಬಾಡಿಗೆ ಕಾರಿನ ವಿಷಯ ಬೇರೆ. ಬಾಡಿಗೆ ಕಂಪನಿಗಳ ಸಾಮಾನ್ಯ ಹಾನಿ ರಕ್ಷಣೆಯಿಂದ ಗಾಜು ಮತ್ತು ಟೈರುಗಳನ್ನು ಹೊರಗಿಡುವುದು ವಾಡಿಕೆ. ಅಪರಿಚಿತ ಕಚ್ಚಾರಸ್ತೆಗಳಲ್ಲಿ ಕೆಲವೇ ದಿನ ಓಡಿಸುವುದಾದರೆ ಅಲ್ಲಿ ಗಾಜಿನ ರಕ್ಷಣೆಗೆ ಕೊಡುವ ಹಣ ದಂಡವಲ್ಲ.

ಇನ್ನು ಕೊಳ್ಳುವ ಸಮಯ. ಆಡ್‌-ಆನ್‌ಗಳನ್ನು ಸಾಮಾನ್ಯವಾಗಿ ಪಾಲಿಸಿ ಶುರುವಾಗುವಾಗ ಅಥವಾ ನವೀಕರಣದ ಹೊತ್ತಿಗೆ ಮಾತ್ರ ಸೇರಿಸಿಕೊಳ್ಳಬಹುದು. ಪಾಲಿಸಿಗೆ ಮೊದಲೇ ಇದ್ದ ಹಾನಿಗೆ ಯಾವ ಕಂಪನಿಯೂ ಹಣ ಕೊಡುವುದಿಲ್ಲ. ತಪಾಸಣೆಗೆಂದು ಮೊಬೈಲಿನಲ್ಲಿ ತೆಗೆದು ಕಳುಹಿಸುವ ಚಿತ್ರದಲ್ಲಿ ಮೂಲೆಯ ಚುಕ್ಕೆಯೂ ದಾಖಲಾಗುತ್ತದೆ. ಈಗಾಗಲೇ ಚುಕ್ಕೆಯಿದ್ದರೆ ನವೀಕರಣಕ್ಕೆ ಮುಂಚೆ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸಿ, ರಸೀದಿಯನ್ನು ಪಾಲಿಸಿಯ ಜೊತೆಗಿಡಿ. ಮುಂದೆ ಅದೇ ಗಾಜಿಗೆ ಬೇರೆ ಕಲ್ಲು ಬಡಿದಾಗ ಹಳೆಯ ಪೆಟ್ಟು ಯಾವುದು, ಹೊಸದು ಯಾವುದು ಎಂದು ಸರ್ವೇಯರ್‌ಗೆ ತೋರಿಸಲು ಅದೊಂದೇ ದಾಖಲೆ.